ಐದು ವರ್ಷ ಬಳಸಿದ ಡಿಜಿಟಲ್ ವಾಲೆಟ್: ಹಣ ಕಳಿಸಲು ಸರಿ, ಕೂಡಿಡಲು ಇನ್ನೂ ಮನಸ್ಸಿಲ್ಲ

ವಿದ್ಯಾರ್ಥಿನಿಯಾಗಿದ್ದಾಗ ಮೊಬೈಲಿಗೆ ಹಾಕಿಕೊಂಡ ಈ ವಾಲೆಟ್ ಆ್ಯಪನ್ನು ಕೆಲಸಕ್ಕೆ ಸೇರಿದ ಮೇಲೂ ಬಿಡದೆ ಐದು ವರ್ಷ ಬಳಸಿದ್ದೇನೆ. ಅದನ್ನು ಆರಿಸಿಕೊಂಡದ್ದು ಗುಣದೋಷಗಳನ್ನು ತೂಗಿ ನೋಡಿ ಅಲ್ಲ. ಬಾಡಿಗೆಯ ಪಾಲು ಹಂಚಿಕೊಳ್ಳುತ್ತಿದ್ದ ಗೆಳತಿಯರೆಲ್ಲ ಆಗಲೇ ಅದರಲ್ಲಿದ್ದರು. ತಿಂಗಳ ಮೊದಲ ದಿನ ನೋಟು ಹಿಡಿದು ಚಿಲ್ಲರೆ ಹುಡುಕುತ್ತಿದ್ದವಳು ನಾನೊಬ್ಬಳೇ.

ಜನ ಹೊಸ ತಂತ್ರಜ್ಞಾನವನ್ನು ಒಪ್ಪಿಕೊಳ್ಳಲು ಅದು ಉಪಯುಕ್ತವೆಂಬ ಭಾವನೆ ಮತ್ತು ಬಳಸಲು ಸುಲಭವೆಂಬ ಭಾವನೆ ಮುಖ್ಯ ಕಾರಣಗಳೆಂದು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ವಾದಿಸಿದ್ದರು. ಇನ್ನೊಬ್ಬ ಸಂಶೋಧಕ ವಿಶ್ವನಾಥ್ ವೆಂಕಟೇಶ್ ಅವರು ಡೇವಿಸ್ ಮತ್ತಿತರರೊಂದಿಗೆ 2003ರಲ್ಲಿ ರೂಪಿಸಿದ ಮಾದರಿಯಲ್ಲಿ ಸುತ್ತಲಿನವರ ಪ್ರಭಾವಕ್ಕೂ ಸ್ಥಾನ ಸಿಕ್ಕಿತು. 2012ರ ವಿಸ್ತರಣೆಯಲ್ಲಿ ಅಭ್ಯಾಸವೂ ಸೇರಿತು. ನನ್ನ ಮಟ್ಟಿಗೆ ಈ ಕ್ರಮ ತಿರುಗುಮುರುಗಾಗಿತ್ತು: ಮೊದಲು ಗೆಳತಿಯರು, ಆಮೇಲೆ ಅಭ್ಯಾಸ, ಉಪಯೋಗದ ಲೆಕ್ಕಾಚಾರ ಎಲ್ಲಕ್ಕಿಂತ ಕೊನೆಗೆ. ಆರಂಭದಲ್ಲಿ ಧಾರಾಳವಾಗಿ ಬರುತ್ತಿದ್ದ ಕ್ಯಾಶ್‌ಬ್ಯಾಕ್ ಕ್ರಮೇಣ ನಿಂತುಹೋದದ್ದು ನನ್ನ ಗಮನಕ್ಕೇ ಬರಲಿಲ್ಲ; ಅಷ್ಟರಲ್ಲಿ ಬೆರಳು ತಾನಾಗಿಯೇ ಆ ಆ್ಯಪಿನ ಕಡೆ ಹೋಗತೊಡಗಿತ್ತು.

ನಿಜವಾದ ಪರೀಕ್ಷೆ ಎದುರಾದದ್ದು ಮೂರನೆಯ ವರ್ಷ. ಕೋರ್ಸಿನ ಶುಲ್ಕ ಕಟ್ಟಲು ಕೊನೆಯ ದಿನ ಕಳಿಸಿದ ಹಣ ನನ್ನ ಖಾತೆಯಿಂದ ಕಡಿತವಾಯಿತು, ಆದರೆ ಅತ್ತ ತಲುಪಲಿಲ್ಲ. ಕಳಿಸುವವರ ಖಾತೆಯಿಂದ ಹಣ ಕಳೆಯುವುದು ಮತ್ತು ಪಡೆಯುವವರ ಖಾತೆಗೆ ಜಮಾ ಮಾಡುವುದು ಎರಡು ಬೇರೆ ಹಂತಗಳು; ಎರಡನೆಯದರ ಉತ್ತರ ಸಮಯಕ್ಕೆ ಬಾರದಿದ್ದರೆ ಎರಡೂ ಕಡೆಯ ಲೆಕ್ಕ ತಾಳೆಯಾಗುವವರೆಗೆ ಆ ವಹಿವಾಟು ಯಶಸ್ವಿಯೂ ಅಲ್ಲ, ವಿಫಲವೂ ಅಲ್ಲ. ಗಾಬರಿಯಲ್ಲಿ ಮತ್ತೆ ಕಳಿಸಿದರೆ ಎರಡು ಬಾರಿ ಪಾವತಿಯಾಗುವ ಅಪಾಯವೂ ಇರುತ್ತದೆ. ಇದನ್ನೆಲ್ಲ ನಾನು ತಿಳಿದದ್ದು ತಡವಾಗಿ, ಅದೂ ಬೇರೆಡೆ ಓದಿ. ಆ್ಯಪಿನ ಚಾಟ್‌ಬಾಟ್ ಮಾತ್ರ ‘ಪ್ರಕ್ರಿಯೆಯಲ್ಲಿದೆ’ ಎಂಬ ಒಂದೇ ಉತ್ತರವನ್ನು ಆರು ದಿನ ಒಪ್ಪಿಸಿತು. ಆರನೆಯ ದಿನ ಹಣ ಹಿಂದಿರುಗಿತು. ಅಷ್ಟರಲ್ಲಿ ಸಾಲ ಮಾಡಿ ದಂಡದೊಂದಿಗೆ ಶುಲ್ಕ ಕಟ್ಟಿಯಾಗಿತ್ತು. ಕೈಯಲ್ಲಿ ಉಳಿತಾಯವಿರುವವರು ಆರು ದಿನ ಕಾಯಬಲ್ಲರು. ಆ ತಿಂಗಳ ಹಣವಷ್ಟೇ ಖಾತೆಯಲ್ಲಿರುವ ಇಪ್ಪತ್ತರ ಆಸುಪಾಸಿನವರಿಗೆ ಅದು ಸಾಧ್ಯವಿಲ್ಲ. ಯುವಜನರು ತಂತ್ರಜ್ಞಾನಕ್ಕೆ ಹೆದರುವುದಿಲ್ಲ ಎನ್ನುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಅಂದಿನಿಂದ ಸ್ವಲ್ಪವೇ ಹಣವಿರುವ ಪ್ರತ್ಯೇಕ ಖಾತೆಯೊಂದನ್ನು ಮಾತ್ರ ಇದಕ್ಕೆ ಜೋಡಿಸಿದ್ದೇನೆ. ದಿನನಿತ್ಯದ ಪಾವತಿಗೆ ಇದನ್ನು ನಂಬುವ ನಾನು ಇದರ ಉಳಿತಾಯ ವಿಭಾಗವನ್ನು ಈವರೆಗೆ ತೆರೆದಿಲ್ಲ. ಒಂದು ಸೇವೆಯ ಮೇಲೆ ಹುಟ್ಟಿದ ನಂಬಿಕೆ ಪಕ್ಕದ ಸೇವೆಗೆ ತಾನಾಗಿ ಹರಿಯುವುದಿಲ್ಲ. ಸಾಲದ ವಿಭಾಗವಂತೂ ಅನುಮಾನವನ್ನೇ ಹೆಚ್ಚಿಸುತ್ತದೆ. ‘ಈಗ ಕೊಳ್ಳಿ, ಆಮೇಲೆ ಪಾವತಿಸಿ’ ಎಂಬ ಗುಂಡಿ ಹಣ ಕಳಿಸುವ ಗುಂಡಿಗಿಂತ ದೊಡ್ಡದು, ತಡವಾದರೆ ಬೀಳುವ ಶುಲ್ಕದ ವಿವರ ಮಾತ್ರ ಮೂರು ಪುಟಗಳ ಒಳಗೆ. ಸಾಲ ಕೊಡಲು ನನ್ನ ಮೊಬೈಲಿನಲ್ಲಿರುವ ಎಲ್ಲರ ಸಂಖ್ಯೆಗಳು ಏಕೆ ಬೇಕೆಂಬುದಕ್ಕೆ ವಿವರಣೆಯೇ ಇಲ್ಲ.

ಕಳೆದ ವರ್ಷದ ಅಪ್‌ಡೇಟ್ ನಂತರ, ಸಿಕ್ಕಿಕೊಂಡ ಹಣ ಯಾವ ಹಂತದಲ್ಲಿದೆ ಎಂಬುದನ್ನು ದೂರಿನ ಸಂಖ್ಯೆಯೊಂದಿಗೆ ಆ್ಯಪ್ ತೋರಿಸುತ್ತಿದೆ. ಹಾಗಾಗಿ ಹಣ ಕಳಿಸುವ ಸೇವೆಗೆ ಮೊದಲು ಕೊಟ್ಟಿದ್ದ ಮೂರು ನಕ್ಷತ್ರಗಳನ್ನು ನಾಲ್ಕಕ್ಕೆ ಏರಿಸಿದ್ದೇನೆ. ಸಾಲದ ಸೇವೆಗೆ ಒಂದೇ.