ಒಂದು ವರ್ಷದ ಫೋಟೋಗ್ರಫಿ ಡಿಪ್ಲೊಮಾ: ಐದಕ್ಕೆ ಮೂರು ಸ್ಟಾರ್, ಮೂರೂ ಲೈಟಿಂಗ್ ಕ್ಲಾಸಿಗೆ

ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಓದಿದೆ. ಹೆಸರು ಹೇಳುವುದಿಲ್ಲ, ಕೇಳಬೇಡಿ. ಫೀಸು 1,80,000 ರೂಪಾಯಿ, ಕ್ಯಾಮೆರಾ ಲೆನ್ಸು ನಮ್ಮದೇ. ಮುಗಿಸಿ ಮೂರು ವರ್ಷ ಆಯಿತು. ಈಗ ತುಮಕೂರಿನ ಕಡೆ ಮದುವೆ, ನಾಮಕರಣ, ಸಣ್ಣಪುಟ್ಟ ಪ್ರಾಡಕ್ಟ್ ಶೂಟ್ ಮಾಡುತ್ತೇನೆ. ಇವತ್ತಿನವರೆಗೆ ಒಬ್ಬರೂ ಸರ್ಟಿಫಿಕೇಟ್ ಕೇಳಿಲ್ಲ. ಡ್ರೋನ್ ಇದೆಯಾ, ಆಲ್ಬಮ್ ಎಷ್ಟು ಶೀಟು, ರೀಲ್ಸ್ ಅವತ್ತೇ ಕೊಡ್ತೀರಾ, ಅಷ್ಟೇ.

ಆದರೂ ದುಡ್ಡು ಪೂರ್ತಿ ನೀರುಪಾಲು ಅನ್ನಲಾರೆ. ಲೈಟಿಂಗ್ ಹೇಳಿಕೊಟ್ಟ ಎರಡು ತಿಂಗಳು ಚೆನ್ನಾಗಿತ್ತು. ಲೈಟನ್ನು ಎರಡರಷ್ಟು ದೂರ ಇಟ್ಟರೆ ಬೆಳಕು ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ ಅಂತ ಯೂಟ್ಯೂಬಿನಲ್ಲಿ ಎಷ್ಟೋ ಸಲ ಕೇಳಿದ್ದೆ, ತಲೆಗೆ ಹತ್ತಿರಲಿಲ್ಲ, ಹತ್ತಿದ್ದು ಇಲ್ಲಿ. ಸರ್ ಒಂದು ಸ್ಟೀಲ್ ಲೋಟ ಮುಂದಿಟ್ಟು, ಅದರಲ್ಲಿ ನಿಮ್ಮ ಮುಖವೂ ಕಾಣಬಾರದು, ಲೈಟೂ ಕಾಣಬಾರದು, ಆದರೆ ಲೋಟ ಹೊಳೆಯಬೇಕು ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಕೂರಿಸಿದರು. ಕೊನೆಗೆ ಲೈಟಿಗೂ ಲೋಟಕ್ಕೂ ನಡುವೆ ಬಿಳಿ ಪಂಚೆ ಕಟ್ಟಿ ಸರಿಮಾಡಿದೆವು. ಈಗ ಒಡವೆ ಅಂಗಡಿಯ ಕೆಲಸ ಸಿಗುತ್ತಿರುವುದು ಆ ಲೋಟದಿಂದಲೇ.

ಉಳಿದದ್ದು ಸುಮ್ನೆ. ಫೋಟೋಶಾಪಿಗೆ ಮೂರು ತಿಂಗಳು ಜಾಸ್ತಿ ಆಯಿತು, ಮನೆಯಲ್ಲೇ ಕಲಿಯಬಹುದಿತ್ತು. ಇತಿಹಾಸದ ಕ್ಲಾಸಿನಲ್ಲಿ ಬರೀ ಪ್ಯಾರಿಸ್, ನ್ಯೂಯಾರ್ಕ್. ಬೆಂಗಳೂರಲ್ಲೇ ಇದ್ದು ಕಾಡಿನ ಫೋಟೋಗಳಿಗೆ ಹೆಸರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಹೆಸರೇ ಬರಲಿಲ್ಲ. ದೇಶದ ಹೆಸರಾಂತ ಫೋಟೋಗ್ರಾಫರ್ ರಘು ರಾಯ್ ಓದಿದ್ದು ಸಿವಿಲ್ ಎಂಜಿನಿಯರಿಂಗ್, ಕಾಡುಪ್ರಾಣಿಗಳ ಫೋಟೋ ತೆಗೆದು ಹೆಸರಾದ ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಡಿಪ್ಲೊಮಾ ಮಾರುವವರು ಇದನ್ನೆಲ್ಲ ಯಾಕೆ ಹೇಳುತ್ತಾರೆ ಅಲ್ವಾ?

'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂದಿದ್ದರು. ಸಿಕ್ಕಿದ್ದು ಒಂದು ಗೋದಾಮಿನಲ್ಲಿ ಬಿಳಿ ಪರದೆ ಮುಂದೆ ದಿನವಿಡೀ ಟೀ ಶರ್ಟ್ ಫೋಟೋ ತೆಗೆಯುವ ಕೆಲಸ. ಎರಡೇ ತಿಂಗಳಿಗೆ ಬಿಟ್ಟೆ.

ಊರಿಗೆ ಬಂದು, ಪಾಸ್‌ಪೋರ್ಟ್ ಸೈಜ್ ಫೋಟೋದಿಂದ ಸ್ಟುಡಿಯೋ ಕಟ್ಟಿದ ಒಬ್ಬ ಅಣ್ಣನ ಜೊತೆ ಮದುವೆಗಳಿಗೆ ಹೋಗತೊಡಗಿದೆ. ಮೊದಲನೇ ಮದುವೆಯಲ್ಲಿ ಗಟ್ಟಿಮೇಳ ಶುರುವಾಗುತ್ತಿದ್ದಂತೆ ಅಕ್ಷತೆ ಹಿಡಿದವರೆಲ್ಲ ಎದ್ದು ನಿಂತರು, ನನ್ನ ಫ್ರೇಮಿನಲ್ಲಿ ಕೈಗಳು ಬಿಟ್ಟರೆ ಏನೂ ಇಲ್ಲ. ಅಣ್ಣ ಅಷ್ಟರಲ್ಲಿ ಪುರೋಹಿತರ ಪಕ್ಕ ಸ್ಟೂಲ್ ಹತ್ತಿ ತಾಳಿ ಗಂಟಿಗೆ ಫೋಕಸ್ ಮಾಡಿಯಾಗಿತ್ತು. ಅವರು ಓದಿದ್ದು ಎಂಟನೇ ಕ್ಲಾಸು. ಆದರೆ ಒಡವೆ ಶೂಟ್ ಬಂದರೆ ಅವರೇ ನನಗೆ ಫೋನ್ ಮಾಡುತ್ತಾರೆ, ಅದನ್ನೂ ಹೇಳಬೇಕು.

ಸಿನಿಮಾ ಕ್ಯಾಮೆರಾ ಕಡೆ ಹೋಗುವವರ ಲೆಕ್ಕ ಬೇರೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಕ್ಯಾಮೆರಾಮನ್, ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತವರು, ಹಿಂದಿ ಸಿನಿಮಾದ ಕ್ಯಾಮೆರಾಮನ್, ನಿರ್ದೇಶಕ ಗೋವಿಂದ ನಿಹಲಾನಿಯೂ ಅಲ್ಲೇ ಕಲಿತವರು. ಅಂಥ ದುಬಾರಿ ಕ್ಯಾಮೆರಾ ಮನೆಯಲ್ಲಿ ಇಟ್ಟುಕೊಂಡು ಕಲಿಯೋಕೆ ಆಗಲ್ಲ. ಸರ್ಕಾರಿ ಕೆಲಸ, ಕಾಲೇಜಿನಲ್ಲಿ ಪಾಠ ಹೇಳುವ ಆಸೆ ಇದ್ದರೂ ಕಾಗದ ಬೇಕು.

ನನ್ನ ಹಾಗೆ ಮದುವೆ, ಪ್ರಾಡಕ್ಟ್ ಅನ್ನುವವರು ಫೀಸು ಕಟ್ಟುವ ಮೊದಲು ಸ್ಟುಡಿಯೋ ಒಳಗೆ ಹೋಗಿ, ಒಂದು ಬ್ಯಾಚಿಗೆ ಎಷ್ಟು ಜನ, ಎಷ್ಟು ಲೈಟ್ ಇದೆ ಎಣಿಸಿ. ನಮ್ಮಲ್ಲಿ 22 ಜನಕ್ಕೆ ನಾಲ್ಕಿತ್ತು, ಅದರಲ್ಲಿ ಒಂದು ಕೆಟ್ಟಿತ್ತು. ಲೈಟಿಂಗ್ ಒಂದನ್ನೇ ಬೇರೆ ಕಲಿಸುತ್ತೀರಾ ಅಂತಲೂ ಕೇಳಿ ನೋಡಿ.