ಸಡಿಲ ತಂತಿಯ ಬಾಸ್ ಗಿಟಾರ್ ಕೊಳ್ಳುವ ಮುನ್ನ: ತುಮಕೂರಿನ ವಾದಕರಿಗೊಂದು ಎಚ್ಚರಿಕೆ

ತುಮಕೂರು ಮತ್ತು ಸುತ್ತಮುತ್ತಲ ಊರುಗಳಲ್ಲಿ ಸೆಕೆಂಡ್ ಹ್ಯಾಂಡ್ ಬಾಸ್ ಗಿಟಾರ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ತಂತಿಗಳನ್ನು ಸಡಿಲಿಸಿಕೊಂಡು ವಾದ್ಯ ತಂದು, ಕೊಳ್ಳುವವರ ಎದುರಿಗೇ ಶ್ರುತಿ ಮಾಡಿ, ಅರ್ಧ ಗಂಟೆ ನುಡಿಸಲು ಬಿಟ್ಟು, ಹಣ ಪಡೆದು ಹೊರಡುವ ಮಾರಾಟಗಾರನೊಬ್ಬನಿಂದ ನಾನು ಮೋಸ ಹೋಗಿದ್ದೇನೆ. ಟ್ರಸ್ ರಾಡ್ (ತಂತಿಗಳು ಹಾದುಹೋಗುವ ಉದ್ದನೆಯ ಕತ್ತು, ಅಂದರೆ ನೆಕ್, ಬಾಗದಂತೆ ಅದರೊಳಗೆ ಕೂರಿಸಿದ ಉಕ್ಕಿನ ಸರಳು) ಕೆಟ್ಟು ಹೋದ ಬಾಸನ್ನು ಸುಸ್ಥಿತಿಯಲ್ಲಿದೆ ಎಂದು ನಂಬಿಸುವ ಈ ವಿಧಾನ ಎಷ್ಟು ಸುಲಭದ್ದೆಂದರೆ, ವರ್ಷಗಟ್ಟಲೆ ನುಡಿಸಿದವರ ಕಣ್ಣಿಗೂ ಆ ಹೊತ್ತಿಗೆ ಏನೂ ಕಾಣಿಸುವುದಿಲ್ಲ.

ನಮ್ಮದು ಗಣೇಶೋತ್ಸವ, ರಾಜ್ಯೋತ್ಸವದ ದಿನಗಳಲ್ಲಿ ನಗರದ ಬಡಾವಣೆಗಳಲ್ಲಿ ಹಳೆಯ ಚಿತ್ರಗೀತೆಗಳನ್ನು ನುಡಿಸುವ ಹವ್ಯಾಸಿ ತಂಡ. ಬಟವಾಡಿಯಲ್ಲಿ ಗೆಳೆಯರೊಬ್ಬರ ಮನೆಯ ಮಹಡಿಯ ಕೋಣೆಯೇ ನಮ್ಮ ಅಭ್ಯಾಸದ ಜಾಗ. ಮಾರಾಟಗಾರ ಹೊರ ಜಿಲ್ಲೆಯವನು. ಫೆಂಡರ್ ಕಂಪನಿಯ ಜಾಝ್ ಬಾಸ್ ಮಾದರಿಯ ನಾಲ್ಕು ತಂತಿಯ ವಾದ್ಯವನ್ನು ಹಾರ್ಡ್ ಕೇಸಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಾನೇ ಬಂದಿದ್ದ. ಕೇಸ್ ತೆರೆದಾಗ ನಾಲ್ಕೂ ತಂತಿಗಳು ಜೋತು ಬಿದ್ದಿದ್ದವು. ಪ್ರಯಾಣದಲ್ಲಿ ನೆಕ್‌ಗೆ ತೊಂದರೆಯಾಗಬಾರದೆಂದು ಸಡಿಲಿಸಿದ್ದೇನೆ ಎಂದು ಆತ ಹೇಳಿದ. ದೂರದ ಊರಿಗೆ ಪಾರ್ಸೆಲ್ ಕಳಿಸುವಾಗ ಹಲವರು ಹಾಗೆಯೇ ಮಾಡುವುದರಿಂದ ಆ ಮಾತಿನಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಶ್ರುತಿ ಮಾಡಿ, ಆಂಪ್ಲಿಫೈಯರ್‌ಗೆ ಜೋಡಿಸಿ, ಪ್ರತಿ ಫ್ರೆಟ್ಟನ್ನೂ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ನೋಡಿದೆ. ನೆಕ್ ನೇರವಾಗಿತ್ತು, ಆಕ್ಷನ್, ಅಂದರೆ ಫ್ರೆಟ್ಟಿನಿಂದ ತಂತಿಯ ಎತ್ತರ, ಹಿತವಾಗಿತ್ತು, ಎರಡೂ ಪಿಕಪ್‌ಗಳು ಕೆಲಸ ಮಾಡುತ್ತಿದ್ದವು. ಟ್ರಸ್ ರಾಡಿನ ಮುಚ್ಚಳ ತೆಗೆದು ತೋರಿಸುವಂತೆ ಕೇಳಿದಾಗ, ಅದರ ಸ್ಕ್ರೂಗಳು ಸವೆದಿವೆ, ಬಲವಂತವಾಗಿ ತೆಗೆದರೆ ಪ್ಲಾಸ್ಟಿಕ್ ಒಡೆಯುತ್ತದೆ, ಬೆಂಗಳೂರಿನಲ್ಲಿ ಈಚೆಗಷ್ಟೇ ಸೆಟಪ್ (ನೆಕ್ ಮತ್ತು ತಂತಿಗಳ ಹೊಂದಾಣಿಕೆ) ಮಾಡಿಸಿದ್ದೇನೆ ಎಂದ. ಬೆಲೆ 24,000 ರೂಪಾಯಿಗೆ ಇತ್ಯರ್ಥವಾಯಿತು.

ಆ ವಾರ ಮುಗಿಯುವುದರೊಳಗೆ ವಾದ್ಯದ ಸ್ವರೂಪವೇ ಬದಲಾಯಿತು. ಐದನೇ ಫ್ರೆಟ್ಟಿನಿಂದ ಹನ್ನೆರಡನೆಯದರವರೆಗೆ ತಂತಿಗಳು ಮೇಲಕ್ಕೆದ್ದು ಎಡಗೈ ನೋಯತೊಡಗಿತು. ಬ್ರಿಡ್ಜಿನಲ್ಲಿ ತಂತಿಗಳು ಕೂರುವ ಸ್ಯಾಡಲ್‌ಗಳನ್ನು ಇಳಿಸಿದರೆ ಹನ್ನೆರಡನೇ ಫ್ರೆಟ್ಟಿನಿಂದಾಚೆ ಪ್ರತಿ ಸ್ವರವೂ ಕರಕರ ಎನ್ನುತ್ತಿತ್ತು. ಇ ತಂತಿಯನ್ನು ಐದನೇ ಫ್ರೆಟ್ಟಿನಲ್ಲಿ ಒತ್ತಿದಾಗ ಬರುವ ಸ್ವರ ಬಿಡಿ ಎ ತಂತಿಯ 55 ಹರ್ಟ್ಸ್‌ಗೆ ಸಮನಾಗಿ ಕೂರಬೇಕು. ನನ್ನ ವಾದ್ಯದಲ್ಲಿ ಅವೆರಡನ್ನೂ ಒಟ್ಟಿಗೆ ನುಡಿಸಿದರೆ ಅಲೆಅಲೆಯಾಗಿ ಕಂಪಿಸುತ್ತಿತ್ತು, ಏಕೆಂದರೆ ಅಷ್ಟು ಎತ್ತರದಿಂದ ಒತ್ತಿದಾಗ ತಂತಿ ಹೆಚ್ಚು ಬಿಗಿದು ಶ್ರುತಿ ಏರುತ್ತದೆ. ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ನಡುವೆ ತಂತಿಗೂ ಫ್ರೆಟ್ಟಿಗೂ ಇರುವ ಸಂದು ನೋಡಿದೆ. ಎಂಟನೇ ಫ್ರೆಟ್ಟಿನ ಮೇಲೆ ಒಂದು ರೂಪಾಯಿ ನಾಣ್ಯ ಅಡ್ಡಿಯಿಲ್ಲದೆ ತೂರಿತು. ಅಲ್ಲಿ ಇರಬೇಕಾದ ಸಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಮಾತ್ರ.

ಬೆಂಗಳೂರಿನ ತಂತ್ರಜ್ಞರೊಬ್ಬರ ಬಳಿಗೆ ಒಯ್ದೆ. ಅವರು ಮುಚ್ಚಳದ ಸ್ಕ್ರೂಗಳನ್ನು ಸಲೀಸಾಗಿ ಬಿಚ್ಚಿದರು. ಅವು ಸವೆದೇ ಇರಲಿಲ್ಲ. ಒಳಗೆ ಟ್ರಸ್ ರಾಡಿನ ನಟ್‌ನಲ್ಲಿ ಅಲೆನ್ ಕೀ ಕೂರಬೇಕಾದ ಆರು ಮೂಲೆಯ ಕುಳಿ ಸವೆದು ದುಂಡಗಾಗಿತ್ತು, ಮತ್ತು ಅದಕ್ಕೆ ಕಪ್ಪು ಎಪಾಕ್ಸಿ ಅಂಟು ತುಂಬಿ ಮೇಲ್ಭಾಗವನ್ನು ನಯಗೊಳಿಸಲಾಗಿತ್ತು. ಅಂಟು ಕೆರೆದು ನಟ್ ಹೊರತೆಗೆದಾಗ ರಾಡಿನ ತಿರುಪು ಗೆರೆಗಳೂ ಸವೆದು ಹೋಗಿದ್ದವು. ನೆಕ್‌ನ ಹಿಂಬದಿಯ ವಾರ್ನಿಷ್ ಮೇಲೆ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ತೋರುವ ಎರಡು ಚಪ್ಪಟೆ ಗುರುತುಗಳನ್ನು ಅವರು ತೋರಿಸಿದರು. ನೆಕ್ಕನ್ನು ಹಿಂದಕ್ಕೆ ಬಾಗುವಂತೆ ಕ್ಲ್ಯಾಂಪಿನಲ್ಲಿ ಕಟ್ಟಿಟ್ಟು, ಮಾರಾಟಕ್ಕೆ ಹೊರಡುವಾಗ ಬಿಚ್ಚಿ, ತಂತಿ ಸಡಿಲವಾಗಿಯೇ ತಂದಿರಬೇಕು ಎಂಬುದು ಅವರ ಅಭಿಪ್ರಾಯ. ಹಾಗೆ ಮಾಡಿದ ಮರ ಕೆಲವು ಗಂಟೆಗಳ ಕಾಲ ನೇರವಾಗಿ ನಿಂತು, ಎಳೆತ ಮುಂದುವರಿದಂತೆ ನಿಧಾನವಾಗಿ ಮುಂದಕ್ಕೆ ಬಾಗುತ್ತದೆ.

ಇದು ಬಾಸ್‌ನಲ್ಲಿ ಏಕೆ ಇಷ್ಟು ಗಂಭೀರ ಎಂಬುದನ್ನು ಹೊಸಬರಿಗಾಗಿ ವಿವರಿಸುತ್ತೇನೆ. ಸಾಮಾನ್ಯ ಬಾಸ್‌ನ ತಂತಿಯ ಕಂಪಿಸುವ ಉದ್ದ 34 ಇಂಚು, ಮತ್ತು ಮಾಮೂಲಿ ದಪ್ಪದ ನಾಲ್ಕು ತಂತಿಗಳು ಪೂರ್ಣ ಶ್ರುತಿಯಲ್ಲಿ ನೆಕ್ಕನ್ನು ಎಳೆಯುವ ಬಲ ಒಟ್ಟು ಸುಮಾರು 80 ಕೆ.ಜಿ. ಭಾರಕ್ಕೆ ಸಮ. ಆರು ತಂತಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ, ಹಗುರ ತಂತಿಗಳಾದರೆ, ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ. ಅಷ್ಟು ಕಡಿಮೆ ಎಳೆತದ ಗಿಟಾರಿಗೂ ಬರೀ ಮರ ಸಾಲದು: 1950ರಲ್ಲಿ ಹೊರಬಂದ ಫೆಂಡರ್ ಎಸ್ಕ್ವೈರ್‌ನ ಮೊದಮೊದಲ ವಾದ್ಯಗಳಲ್ಲಿ ಟ್ರಸ್ ರಾಡ್ ಇರಲಿಲ್ಲ, ನೆಕ್‌ಗಳು ಬಾಗುತ್ತವೆಂದು ಕಂಡ ಮೇಲೆ ಕಂಪನಿ ಅದನ್ನು ಸೇರಿಸಿತು. 1960ರಲ್ಲಿ ಬಂದ ಜಾಝ್ ಬಾಸ್‌ನ ನೆಕ್ ತಲೆಯ ಕಡೆಗೆ ಹೋಗುತ್ತ ಕಿರಿದಾಗಿ 38 ಮಿ.ಮೀ.ಗೆ ಇಳಿಯುತ್ತದೆ. ಬೆರಳುಗಳಿಗೆ ಅದು ಬಹಳ ಹಿತ, ಆದರೆ ಅಂಥ ನೆಕ್ ತನ್ನೊಳಗಿನ ಉಕ್ಕಿನ ಸರಳನ್ನೇ ನಂಬಿಕೊಂಡಿರುತ್ತದೆ. ಸರಳು ಕೆಟ್ಟರೆ ಫಿಂಗರ್‌ಬೋರ್ಡ್ (ಫ್ರೆಟ್ಟುಗಳಿರುವ ಮರದ ಪಟ್ಟಿ) ಕಿತ್ತು ಹೊಸ ಸರಳು ಹಾಕಬೇಕು, ಇಲ್ಲವೇ ನೆಕ್ಕನ್ನೇ ಬದಲಿಸಬೇಕು. ಮಧ್ಯಮ ಬೆಲೆಯ ವಾದ್ಯದಲ್ಲಿ ಮೊದಲನೆಯದು ವಾದ್ಯದ ಬೆಲೆಯ ಹತ್ತಿರಕ್ಕೇ ಹೋಗುತ್ತದೆ. ಪಿಕಪ್ ಕೆಟ್ಟರೆ, ಧ್ವನಿ ಹೆಚ್ಚು ಕಡಿಮೆ ಮಾಡುವ ಗುಂಡಿಯ ಪಾಟ್ ಸದ್ದು ಮಾಡಿದರೆ, ಜ್ಯಾಕ್ ಸಡಿಲವಾದರೆ ಸಾವಿರ ರೂಪಾಯಿಗಳ ಲೆಕ್ಕದಲ್ಲಿ ಸರಿಹೋಗುತ್ತದೆ. ಹಾಗಾಗಿ ಅವುಗಳ ಪರೀಕ್ಷೆಯಲ್ಲೇ ಹೊತ್ತು ಕಳೆಯಬೇಡಿರೆಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ನಟ್ ಸವೆಯುವುದಕ್ಕೆ ಸಾಮಾನ್ಯ ಕಾರಣವೊಂದಿದೆ, ಅದನ್ನು ತಿಳಿದಿದ್ದರೆ ಕೊಳ್ಳುವಾಗ ಪ್ರಶ್ನೆ ಕೇಳುವುದು ಸುಲಭ. ಅಮೆರಿಕದ ಅಳತೆಯ ವಾದ್ಯಗಳಲ್ಲಿ ಹಲವಕ್ಕೆ ಇಂಚಿನ ಎಂಟನೇ ಒಂದು ಭಾಗದ, ಅಂದರೆ 3.175 ಮಿ.ಮೀ. ಅಲೆನ್ ಕೀ ಬೇಕು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಥಟ್ಟನೆ ಸಿಗುವುದು 3 ಮಿ.ಮೀ.ದು. ಅದು ಒಳಗೆ ಹೋಗುತ್ತದೆ, ಒಂದಿಷ್ಟು ಹಿಡಿಯುತ್ತದೆ, ಬಲ ಬಿದ್ದೊಡನೆ ಜಾರಿ ಮೂಲೆಗಳನ್ನು ತಿನ್ನುತ್ತದೆ. ಸೆಟಪ್ ಯಾರು ಮಾಡಿದರು, ಯಾವ ಕೀಯಿಂದ ತಿರುಗಿಸಿದರು ಎಂದು ಮಾರಾಟಗಾರನನ್ನು ಕೇಳಿ. ತಾನೇ ಮಾಡಿದ್ದರೆ ಆತನಿಗೆ ಉತ್ತರ ಗೊತ್ತಿರುತ್ತದೆ.

ನನ್ನ ಸಲಹೆ ಇಷ್ಟೇ: ಟ್ರಸ್ ರಾಡಿನ ನಟ್ ನಿಮ್ಮ ಕಣ್ಣೆದುರು ತಿರುಗದ ಹೊರತು ಹಣ ಕೈ ಬದಲಾಯಿಸಬಾರದು. ಮೊದಲು ಮುಚ್ಚಳ ತೆಗೆಸಿ, ಮೊಬೈಲಿನ ಟಾರ್ಚ್ ಹಿಡಿದು ಕುಳಿಯ ಆರೂ ಮೂಲೆಗಳು ಚೂಪಾಗಿವೆಯೇ ಎಂದು ನೋಡಿ. ವಾದ್ಯ ಪೂರ್ಣ ಶ್ರುತಿಯಲ್ಲಿರುವಾಗ ಎಂಟನೇ ಫ್ರೆಟ್ಟಿನ ಸಂದನ್ನು ಗಮನಿಸಿಕೊಳ್ಳಿ. ಅನಂತರ, ಮಾಲೀಕನ ಕೈಯಿಂದಲೇ, ಸರಿಯಾದ ಅಳತೆಯ ಕೀಯಿಂದ ಮೊದಲು ಕಾಲು ಸುತ್ತು ಸಡಿಲಿಸಿ, ಆಮೇಲೆ ಅಷ್ಟೇ ಬಿಗಿಸಲು ಹೇಳಿ. ಬಿಗಿಸುವಾಗ ಮೃದುವಾದ, ಏಕರೀತಿಯ ತಡೆ ಸಿಗಬೇಕು ಮತ್ತು ಸಂದಿನಲ್ಲಿ ವ್ಯತ್ಯಾಸ ಕಾಣಬೇಕು. ಕೀ ಸುಮ್ಮನೆ ಸುತ್ತಿದರೆ ಅಥವಾ ಕದಲದೆ ನಿಂತರೆ ಅಲ್ಲಿಗೆ ಮಾತು ಮುಗಿಸಿ ಎದ್ದುಬನ್ನಿ. ಪರೀಕ್ಷೆಗೆ ಒಪ್ಪದವನು ಎಷ್ಟೇ ಒಳ್ಳೆಯ ಕಾರಣ ಹೇಳಿದರೂ, ಬೆಲೆಯನ್ನು ಎಷ್ಟೇ ಇಳಿಸಿದರೂ ಕೊಳ್ಳಬೇಡಿ. ಇನ್ನೊಂದು ಮಾತು: ಭೇಟಿಗೆ ಕನಿಷ್ಠ ಎರಡು ದಿನ ಮೊದಲೇ ವಾದ್ಯವನ್ನು ಪೂರ್ಣ ಶ್ರುತಿಯಲ್ಲಿ ಬಿಟ್ಟು, ಎರಡನೇ ದಿನ ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದ ವಿಡಿಯೊ ಕಳಿಸಲು ಕೇಳಿ. ಪ್ರಾಮಾಣಿಕ ಮಾರಾಟಗಾರನಿಗೆ ಇದರಿಂದ ಯಾವ ಖರ್ಚೂ ಇಲ್ಲ. ಮುಂದೆ ಮಾರುವವರು ನಾವು ಕೇಳುವ ಮೊದಲೇ ಇಂಥ ವಿಡಿಯೊ ಹಾಕಿದರೆ ನಮ್ಮ ನಡುವಿನ ವ್ಯವಹಾರ ಎಷ್ಟೋ ಹಗುರವಾಗುತ್ತದೆ.

ದೂರವಾಣಿಯಲ್ಲಿ ಮಾರಾಟಗಾರ ಕೊಟ್ಟ ಉತ್ತರವನ್ನೂ ಹೇಳಬೇಕು, ಏಕೆಂದರೆ ಬೇರೆಯವರಿಗೂ ಅದನ್ನೇ ಹೇಳಿದ್ದಾನೆ. ತುಮಕೂರಿನ ಒಣ ಹವೆಗೆ ನೆಕ್ ಬಾಗಿದೆ, ನೀವು ಸರಿಯಾಗಿ ಇಟ್ಟುಕೊಂಡಿಲ್ಲ ಎಂದ. ಹವೆಗೆ ಮರ ಆಡುವುದು ನಿಜ, ಮಾರ್ಚ್ ತಿಂಗಳಿನ ವಾದ್ಯ ಆಗಸ್ಟಿನಲ್ಲಿ ಇದ್ದಂತೆ ಇರುವುದಿಲ್ಲ. ಆ ಆಟವನ್ನು ಸರಿಪಡಿಸಲೆಂದೇ ಟ್ರಸ್ ರಾಡ್ ಇರುವುದು, ಮತ್ತು ಸುಸ್ಥಿತಿಯ ರಾಡಿಗೆ ಅದು ಕಾಲು ಸುತ್ತಿನ ಕೆಲಸ. ಕುಳಿಗೆ ಅಂಟು ತುಂಬಿದ್ದು ಯಾವ ಹವೆಯೂ ಅಲ್ಲ. ನಾನು ಅಂಟಿನ ಫೋಟೊ ಕಳಿಸಿದ ಮೇಲೆ ಆತ ಕರೆ ತೆಗೆದುಕೊಳ್ಳಲಿಲ್ಲ, ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ. ವಾದ್ಯದ ಫೋಟೊಗಳನ್ನು ಪರಿಚಿತ ವಾದಕರಿಗೆ ಕಳಿಸಿದಾಗ ಚಿಕ್ಕಬಳ್ಳಾಪುರದ ಹುಡುಗನೊಬ್ಬ, ಹಿಂಬದಿಯಲ್ಲಿ ಒಂಬತ್ತನೇ ಫ್ರೆಟ್ಟಿನ ನೇರಕ್ಕಿರುವ ಅಕ್ಕಿಕಾಳಿನಷ್ಟು ಗಾಯ ನೋಡಿ ವಾದ್ಯವನ್ನು ಗುರುತಿಸಿದ. ಆತನೂ ಇದನ್ನೇ ಕೊಂಡು, ಇದೇ ಕಾರಣಕ್ಕೆ ಜಗಳವಾಡಿ, ಅರ್ಧ ಹಣವನ್ನಷ್ಟೇ ವಾಪಸು ಪಡೆದು ಹಿಂತಿರುಗಿಸಿದ್ದ. ಓದುತ್ತಿರುವ ಹುಡುಗ, ಟ್ಯೂಷನ್ ಹೇಳಿ ಕೂಡಿಸಿದ ಹಣ ಅದು. ನನ್ನ ನಷ್ಟಕ್ಕಿಂತ ಇದು ನನ್ನನ್ನು ಹೆಚ್ಚು ನೋಯಿಸಿತು, ಈ ಬರಹಕ್ಕೂ ಅದೇ ಮುಖ್ಯ ಕಾರಣ.

ದೂರು ಕೊಡುವವರಿಗೆ ಒಂದು ಮಾಹಿತಿ. ಯುಪಿಐ ಮೂಲಕ ಹಣವನ್ನು ನಾನೇ ಒಪ್ಪಿ ಕಳಿಸಿದ್ದರಿಂದಲೂ ವಸ್ತು ಕೈಸೇರಿದ್ದರಿಂದಲೂ ಬ್ಯಾಂಕಿನಿಂದ ಏನೂ ಆಗಲಿಲ್ಲ. ಸೈಬರ್ ವಂಚನೆಯ 1930 ಸಹಾಯವಾಣಿ ಹೆಚ್ಚು ಉಪಯೋಗಕ್ಕೆ ಬರುವುದು, ಮುಂಗಡ ಹಣ ಪಡೆದು ವಾದ್ಯವನ್ನೇ ಕಳಿಸದವರ ವಿಷಯದಲ್ಲಿ. ಅಂಥ ಸಂದರ್ಭದಲ್ಲಿ ತಡಮಾಡದೆ ಕರೆ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ ಸಂಬಂಧಿಸಿದ್ದು 318ನೇ ಕಲಂ. ಮೊದಲಿನಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸದಿದ್ದರೆ ವಿಷಯ ಬರೀ ಕೊಡುಕೊಳ್ಳುವಿಕೆಯ ತಕರಾರಾಗಿ ಉಳಿದುಬಿಡುತ್ತದೆ. ನನ್ನ ಬಳಿ ಉಳಿದಿದ್ದದ್ದು ಒಂದು ಧ್ವನಿ ಸಂದೇಶ: ಟ್ರಸ್ ರಾಡ್ ಎರಡೂ ಕಡೆಗೆ ಚೆನ್ನಾಗಿ ತಿರುಗುತ್ತದೆ ಎಂದು ಆತ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದ. ಆ ಸಂದೇಶ, ಅಂಟಿನ ಫೋಟೊ, ತಂತ್ರಜ್ಞರ ಬರಹ ಮತ್ತು ಚಿಕ್ಕಬಳ್ಳಾಪುರದ ಹುಡುಗನ ಹೇಳಿಕೆ, ಈ ನಾಲ್ಕರ ಬಲದ ಮೇಲೆ ದೂರು ಕೊಟ್ಟಿದ್ದೇನೆ. ನೀವು ಕೊಳ್ಳುವಾಗಲೂ ಆ ಒಂದು ವಾಕ್ಯವನ್ನು ಮಾರಾಟಗಾರನಿಂದ ಸಂದೇಶವಾಗಿ ಬರೆಸಿಕೊಳ್ಳಿ, ಫೋನಿನ ಮಾತಿಗೆ ಬಿಡಬೇಡಿ.

ನಕಲಿ ಬ್ರ್ಯಾಂಡ್ ಸ್ಟಿಕರ್, ಬದಲಾಯಿಸಿದ ಪಿಕಪ್, ಆಕ್ಟಿವ್ ಸರ್ಕ್ಯೂಟಿನ 9 ವೋಲ್ಟ್ ಬ್ಯಾಟರಿಯ ಜಾಗದಲ್ಲಿನ ತುಕ್ಕು, ಇವೆಲ್ಲವನ್ನೂ ನೋಡಲೇಬೇಕು. ಆದರೆ ಇವುಗಳ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ.

ವಾದ್ಯ ಈಗಲೂ ನನ್ನ ಬಳಿ ಇದೆ. ಬಾಡಿ, ಪಿಕಪ್‌ಗಳು, ಬ್ರಿಡ್ಜ್ ಚೆನ್ನಾಗಿರುವುದರಿಂದ ಬೇರೆ ನೆಕ್ ಸಿಕ್ಕಾಗ ಜೋಡಿಸುತ್ತೇನೆ. ಕೆಟ್ಟ ನೆಕ್ ಸಾಕ್ಷ್ಯವಾಗಿ ಬೇಕಿರುವವರೆಗೆ ಜೋಪಾನವಾಗಿರುತ್ತದೆ, ಆಮೇಲೆ ಅದನ್ನು ಗರಗಸದಿಂದ ಎರಡು ತುಂಡು ಮಾಡುತ್ತೇನೆ. ಇನ್ನೊಬ್ಬರ ಕೈಗೆ ಅದು ವಾದ್ಯವಾಗಿ ಹೋಗಬಾರದು. ಇಂಚು ಮತ್ತು ಮಿಲಿಮೀಟರ್ ಎರಡೂ ಅಳತೆಯ ಅಲೆನ್ ಕೀಗಳನ್ನೂ ಸಂದು ಅಳೆಯುವ ಫೀಲರ್ ಗೇಜನ್ನೂ ತಂದಿಟ್ಟುಕೊಂಡಿದ್ದೇನೆ. ತುಮಕೂರಿನಲ್ಲಿ ಯಾರಾದರೂ ಬಾಸ್ ಕೊಳ್ಳುವವರಿದ್ದರೆ, ಮಾರಾಟಗಾರನನ್ನು ನಮ್ಮ ಅಭ್ಯಾಸದ ಕೋಣೆಗೇ ಕರೆತರಬಹುದು. ಒಟ್ಟಿಗೆ ಕೂತು ನೋಡೋಣ.