ವಯಸ್ಕರ ಆಟಿಸಂ ತಪಾಸಣೆ: ಸೇವೆ ಚೆನ್ನಾಗಿತ್ತು, ವರದಿಯ ಒಂದು ಸಾಲು ಬಿಟ್ಟು

ನನಗೀಗ 41 ವರ್ಷ. ಎರಡು ತಿಂಗಳ ಹಿಂದೆ ವಿಡಿಯೋ ಕಾಲ್‌ನಲ್ಲಿ ಆಟಿಸಂ ತಪಾಸಣೆ ಮಾಡಿಸಿಕೊಂಡೆ. ಆಟಿಸಂ ಅಂದರೆ ಜನರ ಜತೆ ಬೆರೆಯುವ, ಸದ್ದು-ಬದಲಾವಣೆಗಳನ್ನು ಎದುರಿಸುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವುದು. ಹೋಗಲೋ ಬೇಡವೋ ಅಂತ ಯೋಚಿಸುತ್ತಿರುವ ದೊಡ್ಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಹಾಕುತ್ತಿಲ್ಲ. ನಾನು ಹೇಳಹೊರಟಿರುವ ತಪ್ಪು ಅವರೊಬ್ಬರದ್ದೇ ಅಲ್ಲ.

ಒಟ್ಟು ಮೂರು ಭೇಟಿ, ಒಂದೊಂದೂ ಒಂದೂವರೆ ಗಂಟೆ. ಅದಕ್ಕೂ ಮೊದಲು ಮನೆಯಲ್ಲೇ ತುಂಬಿ ಕಳಿಸುವ ಫಾರ್ಮ್‌ಗಳು. ಅದರಲ್ಲೊಂದು ಎಕ್ಯೂ (AQ), ಆಟಿಸಂ ಲಕ್ಷಣಗಳು ಎಷ್ಟಿವೆ ಅಂತ ನೋಡುವ 50 ಪ್ರಶ್ನೆಗಳ ಪಟ್ಟಿ. 2001ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಪ್ರಕಟಿಸಿದ್ದು. ಅದೊಂದನ್ನೇ ನೋಡಿ ಯಾರೂ ತೀರ್ಮಾನ ಹೇಳುವುದಿಲ್ಲ. ಪಾರ್ಟಿಗಿಂತ ಲೈಬ್ರರಿಗೆ ಹೋಗುವುದು ಇಷ್ಟವೇ ಅಂತ ಒಂದು ಕಡೆ ಕೇಳುತ್ತಾರೆ. ಯಾರ ಪಾರ್ಟಿ, ಎಷ್ಟು ಜನ, ಎಷ್ಟು ಹೊತ್ತು ಅಂತ ತಿಳಿಯದೆ ನನಗೆ ಗುರುತು ಹಾಕಲು ಆಗಲಿಲ್ಲ. ಅಂಚಿನಲ್ಲಿ ನನ್ನ ಪ್ರಶ್ನೆಗಳನ್ನು ಬರೆದು ಕಳಿಸಿದೆ. ತಪಾಸಣೆ ಮಾಡಿದ ಮನಶ್ಶಾಸ್ತ್ರಜ್ಞೆ ಅವನ್ನೆಲ್ಲ ಓದಿಕೊಂಡು ಬಂದಿದ್ದರು. ಒಂದೊಂದನ್ನೂ ಬಿಡಿಸಿ ಹೇಳಿದರು. ಮಧ್ಯೆ ಹತ್ತು ನಿಮಿಷ ಕ್ಯಾಮೆರಾ ಆಫ್ ಮಾಡಿ ಸುಮ್ನೆ ಕೂರಲು ಬಿಟ್ಟರು. ಈ ತಾಳ್ಮೆಗೆ ಪೂರ್ತಿ ಅಂಕ.

ಎರಡನೇ ಭೇಟಿಗೆ ಅಮ್ಮನೂ ಇದ್ದರು. ಚಿಕ್ಕಂದಿನ ವಿಷಯ ಕೇಳಲೇಬೇಕು, ಯಾಕಂದರೆ ಆಟಿಸಂ ದೊಡ್ಡವರಾದ ಮೇಲೆ ಬರುವಂಥದ್ದಲ್ಲ. ಅಮ್ಮನಿಗೆ ಅರ್ಥವಾಗಲಿ ಅಂತ ಮನಶ್ಶಾಸ್ತ್ರಜ್ಞೆ ‘ಸ್ವಲೀನತೆ’ ಅಂದರು. ಅಮ್ಮ ನನ್ನ ಕಡೆ ತಿರುಗಿ, "ಹಾಗಂದ್ರೆ ತನ್ನೊಳಗೇ ಮುಳುಗಿರೋದು ಅಲ್ವಾ? ನೀನು ಹಾಗಿರಲಿಲ್ವಲ್ಲೇ. ಮನೆಗೆ ಬಂದವರನ್ನೆಲ್ಲ ಕೂರಿಸಿಕೊಂಡು ಬಸ್ ನಂಬರ್ ಒಪ್ಪಿಸ್ತಿದ್ದೆ" ಅಂದರು. ಅಮ್ಮ ಹೇಳಿದ್ದು ಸರಿಯಾಗೇ ಇತ್ತು. ತೊಡಕು ಆ ಪದದಲ್ಲೇ ಇದೆ.

ಗ್ರೀಕ್‌ನಲ್ಲಿ ‘ಆಟೋಸ್’ ಅಂದರೆ ತಾನು. ಅದರಿಂದ ‘ಆಟಿಸಂ’ ಅನ್ನುವ ಪದ ಮಾಡಿದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲೂಲರ್, ಸುಮಾರು 1910ರಲ್ಲಿ. ಅವರು ಹೇಳುತ್ತಿದ್ದದ್ದು ಬೇರೆಯದೇ ವಿಷಯ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇರುವವರು ಹೊರಗಿನ ಲೋಕ ಬಿಟ್ಟು ಒಳಗೆ ಸರಿದುಬಿಡುವುದಕ್ಕೆ ಆ ಹೆಸರಿಟ್ಟರು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆಯುವಾಗ ಅದೇ ಪದ ಎತ್ತಿಕೊಂಡರು. ಆಮೇಲೆ ಅರ್ಥ ಎಷ್ಟೋ ಬದಲಾಯಿತು, ಹೆಸರು ಮಾತ್ರ ಉಳಿಯಿತು. ನಮ್ಮ ‘ಸ್ವಲೀನತೆ’ ಆ ಹಳೆಯ ಅರ್ಥವನ್ನೇ ಹೊತ್ತುಕೊಂಡಿದೆ. ಕೇಳಿದವರ ಕಣ್ಣಿಗೆ ಮೂಲೆಯಲ್ಲಿ ಒಂಟಿಯಾಗಿ ಕೂತ ಮಗು ಬರುತ್ತದೆ. ಬಸ್ ನಂಬರ್ ಹೇಳುವ ಹುಡುಗಿ ಬರುವುದಿಲ್ಲ. ಅದಕ್ಕೇ ನಾನು ‘ಆಟಿಸಂ’ ಅಂತಲೇ ಅನ್ನುತ್ತೇನೆ.

ಮೂರನೇ ಭೇಟಿಗೆ ವರದಿ ಬಂತು, ಹದಿನಾಲ್ಕು ಪುಟ. ಹದಿಮೂರು ಪುಟ ತುಂಬಾ ಚೆನ್ನಾಗಿತ್ತು. ಕೊನೆಯ ಪುಟದಲ್ಲಿ, "ಇವರು ಆಟಿಸಂನಿಂದ ಬಳಲುತ್ತಿದ್ದಾರೆ" ಅಂತ ಇತ್ತು. ಆ ಸಾಲನ್ನು ದಾಟಿ ಮುಂದೆ ಓದಲು ನನಗೆ ಆಗಲಿಲ್ಲ.

ನಾನು ಬಳಲುತ್ತೇನೆ, ಅದು ನಿಜ. ಟ್ಯೂಬ್‌ಲೈಟಿನ ಗುಂಯ್ ಸದ್ದಿಗೆ ತಲೆ ಸಿಡಿಯುತ್ತದೆ. ನಾಳೆಯ ಕೆಲಸ ರಾತ್ರಿ ಹತ್ತಕ್ಕೆ ಬದಲಾದರೆ ನಿದ್ದೆ ಬರುವುದಿಲ್ಲ. ಆದರೆ ಅದೇ ಮಿದುಳಿನಿಂದಲೇ ನಾನು ಲೆಕ್ಕದ ತಪ್ಪನ್ನು ಒಂದೇ ನೋಟಕ್ಕೆ ಹಿಡಿಯುತ್ತೇನೆ. ಕನ್ನಡದಲ್ಲಿ ಜ್ವರ ‘ನನಗೆ’ ಬರುತ್ತದೆ, ಬಂದು ಹೋಗುತ್ತದೆ. ಎಡಗೈಯಲ್ಲಿ ಬರೆಯುವವರು "ನಾನು ಎಡಚ" ಅನ್ನುತ್ತಾರೆ. "ನನಗೆ ಎಡಗೈ ಬಂದಿದೆ" ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ‘ಆಟಿಸ್ಟಿಕ್’ ನನ್ನ ಮಟ್ಟಿಗೆ ‘ನಾನು’ ಜತೆ ಕೂರುವ ಪದ. ಇದನ್ನೇ ಪತ್ರದಲ್ಲಿ ಬರೆದು ಕಳಿಸಿದೆ.

ಎಲ್ಲರೂ ಹೀಗೇ ಅನ್ನಬೇಕು ಅಂತ ನನ್ನ ಹಟವಿಲ್ಲ. ಪರಿಚಯದ ಒಬ್ಬ ತಾಯಿ "ಆಟಿಸಂ ಇರುವ ನನ್ನ ಮಗ" ಅನ್ನುತ್ತಾರೆ. ಮೊದಲು ಮಗ, ಆಮೇಲೆ ಉಳಿದದ್ದು ಅನ್ನುವುದು ಅವರ ಮಾತು. ಆ ಹುಡುಗನ ಬಗ್ಗೆ ಮಾತಾಡುವಾಗ ನಾನೂ ಹಾಗೇ ಹೇಳುತ್ತೇನೆ. ದೊಡ್ಡವನಾದ ಮೇಲೆ ಅವನು ಯಾವುದು ಹೇಳುತ್ತಾನೋ ಅದು.

ವರದಿಯಲ್ಲಿ ‘ಹಂತ 1’ ಅಂತಲೂ ಇತ್ತು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5, 2013ರಲ್ಲಿ ಆಟಿಸಂನ ಒಂದು ಬಗೆಗಿದ್ದ ಆಸ್ಪರ್ಗರ್ ಅನ್ನುವ ಬೇರೆ ಹೆಸರನ್ನು ತೆಗೆದು ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್ ಅನ್ನುವ ಒಂದೇ ಹೆಸರಿನಡಿ ತಂದಿತು. ಮೂರು ಹಂತಗಳೂ ಅದರಲ್ಲೇ ಬಂದದ್ದು. ಹಂತ ಹೇಳುವುದು ಎಷ್ಟು ಆಸರೆ ಬೇಕು ಅನ್ನುವುದನ್ನು. 1 ಅಂದರೆ ಆಸರೆ ಬೇಕು, 3 ಅಂದರೆ ತುಂಬಾ ಜಾಸ್ತಿ ಬೇಕು. ಮನಶ್ಶಾಸ್ತ್ರಜ್ಞೆ ಇದನ್ನು ಸರಿಯಾಗಿ ತಿಳಿಸಿದರು. ಆದರೂ ನನ್ನಕ್ಕ ‘ಹಂತ 1’ ನೋಡಿದ ಕೂಡಲೇ "ಓ, ಸ್ವಲ್ಪವೇ ಅಲ್ವಾ" ಅಂದಳು. ಮನೆಯವರಿಗೂ ಅರ್ಥವಾಗುವಂಥ ಒಂದು ಪುಟ ಜತೆಗಿರಬೇಕಿತ್ತು.

ಇನ್ನೊಂದು ದೂರು. ಸಮಯ ಕೇಳಲು ಫೋನ್ ಮಾಡಿದಾಗ ಎತ್ತಿಕೊಂಡವರು ಸಮಾಧಾನಕ್ಕೆ, "ಎಲ್ಲರೂ ಸ್ವಲ್ಪ ಆಟಿಸ್ಟಿಕ್ಕೇ ಬಿಡಿ ಮೇಡಂ" ಅಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ಆ ಒಂದು ಕರೆ ಮಾಡಲು ನಾನು ಆರು ವಾರ ಒದ್ದಾಡಿದ್ದೆ. ನನ್ನ ಆಫೀಸಿನಲ್ಲಿ ಇದೇ ಪದ ಬೈಗುಳ. ಮೀಟಿಂಗಿನಲ್ಲಿ ಮಾತಾಡದವರನ್ನು "ಅವ್ನು ಆಟಿಸ್ಟಿಕ್ಕು" ಅಂತ ನಗುತ್ತಾರೆ. ಪಕ್ಕದಲ್ಲಿ ನಾನಿರುತ್ತೇನೆ. ಇದನ್ನೆಲ್ಲ ಕೇಳಿ ಬರುವವರಿಗೆ ತಪಾಸಣೆ ಮಾಡುವ ಜಾಗದಲ್ಲಾದರೂ ಆ ಪದ ಅದರ ಸರಿಯಾದ ಅರ್ಥದಲ್ಲಿ ಸಿಗಬೇಕು.

ಪತ್ರ ಕಳಿಸಿದ ಒಂಬತ್ತನೇ ದಿನ ತಿದ್ದಿದ ವರದಿ ಬಂತು. "ಇವರು ಆಟಿಸ್ಟಿಕ್ ವ್ಯಕ್ತಿ" ಅಂತ ಆಗಿತ್ತು. ಮನಶ್ಶಾಸ್ತ್ರಜ್ಞೆ ಫೋನ್ ಮಾಡಿ ಕ್ಷಮೆಯನ್ನೂ ಕೇಳಿದರು. ಆ ಸಾಲು ಎಷ್ಟೋ ವರ್ಷಗಳಿಂದ ವರದಿಯ ಮಾದರಿಯಲ್ಲೇ ಇತ್ತಂತೆ, ಯಾರೂ ಕೇಳಿರಲಿಲ್ಲವಂತೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಮೊದಲ ಫಾರ್ಮ್‌ನಲ್ಲೇ "ನಿಮ್ಮ ಬಗ್ಗೆ ಯಾವ ಪದ ಬಳಸಲಿ?" ಅನ್ನುವ ಒಂದು ಪ್ರಶ್ನೆ ಸೇರಿಸಿ ಅಂತ ಎರಡನೇ ಪತ್ರ ಹಾಕಿದ್ದೇನೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ನೀವು ಹೋಗುವುದಾದರೆ, ಫಾರ್ಮ್‌ನ ಕೊನೆಯಲ್ಲಿ ಖಾಲಿ ಜಾಗ ಇದೆ. ನಿಮ್ಮ ಪದವನ್ನು ಅಲ್ಲಿ ಬರೆದುಬಿಡಿ.